ಮೂರು ತಿಂಗಳಲ್ಲಿ ಒಣಗುವ ಗುಲಾಬಿ

ಬೆಂಗಳೂರಿನ ಬಡಾವಣೆಗಳಿಗೆ ಭಾನುವಾರ ಬೆಳಗ್ಗೆ ಗಿಡದ ಗಾಡಿ ಬರುತ್ತದೆ. ಗೂಡ್ಸ್ ಆಟೋದ ಹಿಂಭಾಗದ ತುಂಬ ಕಪ್ಪು ಪ್ಲಾಸ್ಟಿಕ್ ಚೀಲಗಳು. ಚೀಲಕ್ಕೊಂದು ಗುಲಾಬಿ, ಗಿಡಕ್ಕೊಂದು ಅರಳಿದ ಹೂವು, ಜೊತೆಗೆ ಬಿರಿಯಲು ಕಾದಿರುವ ಒಂದೆರಡು ಮೊಗ್ಗು. ಚೌಕಾಸಿ ಮುಗಿದು ಗಿಡ ಮನೆಗೆ ಬರುತ್ತದೆ, ಇದ್ದ ಮೊಗ್ಗುಗಳು ಅರಳುತ್ತವೆ, ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದ್ದೂ ಆಗುತ್ತದೆ. ಆಮೇಲೆ ಎಲೆ ಹಳದಿಯಾಗತೊಡಗುತ್ತದೆ. ಟೊಂಗೆ ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುತ್ತದೆ. ಮೂರನೆಯ ತಿಂಗಳಿಗೆ ಕುಂಡದಲ್ಲಿ ಉಳಿಯುವುದು ಮುಳ್ಳಿನ ಕಡ್ಡಿಯೊಂದೇ. ‘ನಮ್ಮ ಕೈಗೆ ಗುಲಾಬಿ ಆಗಿಬರೋದಿಲ್ಲ ಕಣ್ರೀ’ ಎಂದು ಮನೆಯವರು ಕೈಗುಣದ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಾರೆ.

ಗುಲಾಬಿ ಮೂಲತಃ ಗಟ್ಟಿ ಗಿಡ. ಹಳ್ಳಿಯ ಮನೆಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ಎಂದೋ ಊರಿದ ನಾಟಿ ಗುಲಾಬಿ ಯಾರ ಉಪಚಾರವೂ ಇಲ್ಲದೆ ವರ್ಷಗಟ್ಟಲೆ ಹೂ ಕೊಡುತ್ತದೆ. ಅದೇ ಗಿಡದ ನೆಂಟ ತಾರಸಿಯ ಕುಂಡದಲ್ಲಿ ಮಳೆಗಾಲ ದಾಟುವುದಿಲ್ಲ. ಬಚ್ಚಲ ಬದಿಯ ಗಿಡದ ಬೇರು ನೀರಿದ್ದ ಕಡೆಗೆ ನಡೆಯುತ್ತದೆ, ಬಿಸಿಲಿಗೆ ನೆಲ ಕಾದರೆ ಆಳಕ್ಕೆ ಇಳಿಯುತ್ತದೆ, ಉಪ್ಪಾದ ಜಾಗವನ್ನು ಬಿಟ್ಟು ಸಿಹಿಯಾದ ಜಾಗ ಹುಡುಕುತ್ತದೆ. ಕುಂಡದ ಬೇರಿಗೆ ಈ ಯಾವ ದಾರಿಯೂ ಇಲ್ಲ. ಸುತ್ತಲ ಒಂದಡಿ ಮಣ್ಣಿನಲ್ಲಿ ಅದಕ್ಕೆ ಏನು ಸಿಗುತ್ತದೋ ಅಷ್ಟೇ ಅದರ ಲೋಕ. ಕುಂಡದ ಗುಲಾಬಿಯ ಕುರಿತ ಸಲಹೆಗಳಲ್ಲಿ ಮುಕ್ಕಾಲು ಪಾಲು ಗೊಬ್ಬರ ಮತ್ತು ಔಷಧದ ಮಾತೇ. ಬೇರಿನ ಗಾಳಿ, ಬೇರಿನ ಬಿಸಿ, ಬೇರಿಗೆ ಅಂಟುವ ಉಪ್ಪು ಇವುಗಳ ಮಾತು ಕಡಮೆ. ಸಾಯುವ ಗಿಡಗಳಲ್ಲಿ ಹೆಚ್ಚಿನವು ಸಾಯುವುದು ಮಾತ್ರ ಇವುಗಳಿಂದಲೇ.

ಕುಂಡದಲ್ಲಿ ಗುಲಾಬಿ ಬೆಳೆಯುವುದು ಫ್ಲಾಟುಗಳ ಕಾಲದ ಹೊಸ ಹವ್ಯಾಸವೇನೂ ಅಲ್ಲ. ಇಂದು ವರ್ಷವಿಡೀ ಹೂ ಬಿಡುವ ಗುಲಾಬಿಗಳಿಗೆಲ್ಲ ಆ ಗುಣ ಬಂದದ್ದು ಚೀನಾದ ಗುಲಾಬಿಗಳಿಂದ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೊಮ್ಮೆ ಅರಳಿ ಸುಮ್ಮನಾಗುತ್ತಿದ್ದವು. ಕ್ಯಾಂಟನ್ ಬಳಿಯ ಫಾ ತೀ ನರ್ಸರಿಗಳಲ್ಲಿ ಕುಂಡಗಳಲ್ಲೇ ಬೆಳೆದು ಮಾರಾಟಕ್ಕಿದ್ದ ಗುಲಾಬಿಗಳು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳನ್ನೇರಿ ಪಶ್ಚಿಮಕ್ಕೆ ಹೋದವು. 1809ರಲ್ಲಿ ಇಂಗ್ಲೆಂಡ್ ತಲುಪಿದ ‘ಹ್ಯೂಮ್ಸ್ ಬ್ಲಶ್’, 1824ರಲ್ಲಿ ತಲುಪಿದ ‘ಪಾರ್ಕ್ಸ್ ಯೆಲ್ಲೊ’ ಇಂಥ ಗಿಡಗಳು. ಚೀನಾದಿಂದ ಹೊರಟ ಸಸ್ಯಗಳು ದಾರಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಸುಧಾರಿಸಿಕೊಂಡು ಮುಂದೆ ಸಾಗುತ್ತಿದ್ದುದುಂಟು. ಫ್ರೆಂಚರು ಚೀನಾ ಗುಲಾಬಿಯನ್ನು ಬಂಗಾಳದ ಗುಲಾಬಿ ಎಂದು ಕರೆದದ್ದು ಅದರಿಂದಲೇ. ಪುಟ್ಟ ಗುಲಾಬಿಗಳ ಕಥೆ ಇನ್ನೂ ಸೊಗಸು. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಮೊಬೊರ್ಜೆ ಎಂಬ ಹಳ್ಳಿಯ ಕಿಟಕಿಕಟ್ಟೆಯ ಕುಂಡಗಳಲ್ಲಿ ಗೇಣುದ್ದವೂ ಇಲ್ಲದ ಗುಲಾಬಿಗಳನ್ನು ರೂಲೆ ಎಂಬ ಸೇನಾ ವೈದ್ಯರು ಕಂಡರು. ಅವರ ಮಿತ್ರ, ಸಸ್ಯತಜ್ಞ ಆನ್ರಿ ಕೊರೆವೊನ್ ಅದಕ್ಕೆ ರೂಲೆಯವರ ಹೆಸರನ್ನೇ ಇಟ್ಟರು. ನಂತರ ಬಂದ ಮಿನಿಯೇಚರ್ ತಳಿಗಳ ವಂಶಾವಳಿಯಲ್ಲಿ ಕಿಟಕಿಯಲ್ಲಿ ಬದುಕಿ ಉಳಿದ ಆ ಗಿಡಕ್ಕೆ ದೊಡ್ಡ ಸ್ಥಾನವಿದೆ.

ಹಾಗಾದರೆ ಗಾಡಿಯಲ್ಲಿ ಬಂದ ಗಿಡಕ್ಕೆ ಏನಾಗುತ್ತದೆ? ಮೊದಲು ಅದು ಎಂಥ ಗಿಡ ಎಂದು ನೋಡಬೇಕು. ಅದು ಒಂದಲ್ಲ, ಎರಡು ಗಿಡ. ಕೆಳಗಿನದು ಕಾಡುಜಾತಿಯ ಬೇರುಸಸಿ. ಮೇಲಿನದು ಅದರ ತೊಗಟೆ ಸೀಳಿ ಕೂರಿಸಿದ ಒಂದೇ ಒಂದು ಕಣ್ಣಿನಿಂದ ಎದ್ದ ಹೂವಿನ ತಳಿ. ದಕ್ಷಿಣದಲ್ಲಿ ಬೇರುಸಸಿಯಾಗಿ ಹೆಚ್ಚು ಬಳಕೆಯಲ್ಲಿರುವುದು ಮಲ್ಟಿಫ್ಲೋರಾ. ಉತ್ತರದ ಬಯಲಿನಲ್ಲಿ ಎಡ್ವರ್ಡ್ ಮತ್ತು ಇಂಡಿಕಾ ಒಡೊರಾಟ, ಪಾಲಿಹೌಸ್‌ಗಳಲ್ಲಿ ನಟಾಲ್ ಬ್ರಯರ್. ಇದು ಪಂಡಿತರಿಗೆ ಮಾತ್ರ ಬೇಕಾದ ವಿವರವಲ್ಲ. ಮಲ್ಟಿಫ್ಲೋರಾದ ಬೇರಿಗೆ ಸುಣ್ಣದಂಶದ ಮಣ್ಣು ಒಗ್ಗುವುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರಿನೊಂದಿಗೆ ಈ ಸಂಗತಿ ಕೂಡಿದಾಗ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಕಸಿಯ ಗಂಟಿನ ಕೆಳಗಿಂದ ಒಮ್ಮೊಮ್ಮೆ ತೆಳು ಹಸಿರಿನ, ಸರಸರನೆ ಏಳುವ ಚಿಗುರೊಂದು ಹೊರಡುತ್ತದೆ. ಗಿಡ ಚೇತರಿಸಿಕೊಂಡಿತೆಂದು ಮನೆಯವರು ಹಿಗ್ಗುತ್ತಾರೆ. ಅದು ಬೇರುಸಸಿಯ ಚಿಗುರು, ಬಿಟ್ಟರೆ ಮೇಲಿನ ತಳಿಯ ಊಟವನ್ನೆಲ್ಲ ತಾನೇ ಉಂಡು ಅದನ್ನು ಸಾಯಿಸುತ್ತದೆ. ‘ಕೆಂಪು ಗುಲಾಬಿ ತಂದಿದ್ದೆವು, ಈಗ ಹೂವೇ ಬಿಡದೆ ಬಳ್ಳಿಯಾಗಿಬಿಟ್ಟಿದೆ’ ಎಂಬ ದೂರಿನ ಹಿಂದಿರುವುದು ಇದೇ. ಎಲೆಯಲ್ಲಿ ಏಳು ದಳ ಇದ್ದರೆ ಕಾಡುಚಿಗುರು, ಐದಿದ್ದರೆ ನಿಜವಾದದ್ದು ಎಂಬ ಲೆಕ್ಕ ನಂಬುವಂಥದ್ದಲ್ಲ, ಒಳ್ಳೆಯ ತಳಿಗಳಲ್ಲೂ ಏಳು ದಳದ ಎಲೆಗಳಿರುತ್ತವೆ. ಚಿಗುರು ಗಂಟಿನ ಮೇಲಿಂದ ಹೊರಟಿದೆಯೋ ಕೆಳಗಿಂದಲೋ ಎಂದು ಮಣ್ಣು ಸರಿಸಿ ನೋಡುವುದೊಂದೇ ಪರೀಕ್ಷೆ. ಕೆಳಗಿನದಾದರೆ ಕತ್ತರಿಸುವುದಕ್ಕಿಂತ ಬುಡದಿಂದ ಕಿತ್ತುಬಿಡುವುದು ಮೇಲು.

ಇನ್ನು ಚೀಲದೊಳಗಿನ ಮಣ್ಣು. ಆಂಧ್ರದ ಕಡಿಯಂ ಸುತ್ತಲಿನ ನರ್ಸರಿಗಳಿಂದ, ಹೊಸೂರಿನ ಕಡೆಯಿಂದ ಗಿಡಗಳು ಲಾರಿಗಟ್ಟಲೆ ಊರೂರಿಗೆ ಹೋಗುತ್ತವೆ. ಪಯಣದಲ್ಲಿ ಮಣ್ಣು ಉದುರದಂತೆ ಬೇರಿನ ಸುತ್ತ ಅಂಟುಜೇಡಿಯನ್ನು ಬಿಗಿಯಾಗಿ ಮೆತ್ತುವುದುಂಟು. ಆ ಉಂಡೆಯನ್ನು ಹಾಗೇ ತಂದು ಸಡಿಲ ಮಣ್ಣಿನ ಕುಂಡದಲ್ಲಿ ಕೂರಿಸಿದರೆ ನೀರು ಸುತ್ತಲ ಸಡಿಲ ಮಣ್ಣಿನಲ್ಲಿ ಸರ್ರನೆ ಇಳಿದುಹೋಗುತ್ತದೆ, ನಡುವಿನ ಉಂಡೆ ಒಣಗಿ ಕಲ್ಲಾಗುತ್ತದೆ. ಇಲ್ಲವೆಂದರೆ ಒಮ್ಮೆ ನೆನೆದ ಜೇಡಿ ವಾರಗಟ್ಟಲೆ ಆರದೆ ಬೇರು ಉಸಿರುಗಟ್ಟುತ್ತದೆ. ಕುಂಡದ ಮೇಲ್ಮಣ್ಣು ಹದವಾಗಿಯೇ ಕಾಣುವುದರಿಂದ ಮನೆಯವರಿಗೆ ಎರಡೂ ಗೊತ್ತಾಗುವುದಿಲ್ಲ. ತಂದ ಗಿಡವನ್ನು ಎಂಟು ಹತ್ತು ದಿನ ಚೀಲದಲ್ಲೇ ಅರೆನೆರಳಿನಲ್ಲಿಟ್ಟು, ಆಮೇಲೆ ಉಂಡೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಹೊರಸುತ್ತಿನ ಜೇಡಿಯನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ ನೆಟ್ಟರೆ ಅರ್ಧ ಯುದ್ಧ ಗೆದ್ದಂತೆ. ಆ ಹೊತ್ತಿಗೆ ಹೂ ಮೊಗ್ಗುಗಳನ್ನು ಚಿವುಟಬೇಕು. ಹೂವಿಗೆಂದೇ ತಂದ ಗಿಡದ ಹೂ ಚಿವುಟಲು ಮನಸ್ಸು ಬರುವುದಿಲ್ಲ, ಆದರೆ ಬೇರೂರುವ ತನಕ ಗಿಡಕ್ಕೆ ಹೂವು ಸಾಲದ ಹೊರೆ.

ಕುಂಡದ ತಳದಲ್ಲಿ ಜಲ್ಲಿಯನ್ನೋ ಹೆಂಚಿನ ಚೂರನ್ನೋ ಎರಡು ಮೂರು ಅಂಗುಲ ಹಾಸಬೇಕು, ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು ತಲೆತಲಾಂತರದ ಸಲಹೆ. ಮಣ್ಣಿನ ಭೌತಶಾಸ್ತ್ರ ಹೇಳುವುದು ಬೇರೆ. ನೀರು ಸಣ್ಣ ರಂಧ್ರಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ತುಂಬಿ ತುಳುಕುವವರೆಗೂ ಅಲ್ಲೇ ತಂಗುತ್ತದೆ. ಯಾವ ಕುಂಡದಲ್ಲಾದರೂ ತಳದ ಕೆಲವು ಅಂಗುಲ ಮಣ್ಣು ನೀರು ಬಸಿದ ಮೇಲೂ ತೊಯ್ದೇ ಇರುತ್ತದೆ. ಜಲ್ಲಿ ಹಾಸಿದರೆ ಆ ತೊಯ್ದ ಪದರ ಹೋಗುವುದಿಲ್ಲ, ಜಲ್ಲಿಯಷ್ಟು ಎತ್ತರ ಮೇಲಕ್ಕೆ, ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ. ತೂತಿಗೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆಪರದೆಯ ತುಂಡು ಅಡ್ಡವಿಟ್ಟರೆ ಸಾಕು, ಉಳಿದ ಎತ್ತರವೆಲ್ಲ ಮಣ್ಣಿನದಾಗಲಿ. ಇದೇ ಕಾರಣಕ್ಕೆ ಗುಲಾಬಿಗೆ ಅಗಲಕ್ಕಿಂತ ಆಳದ ಕುಂಡ ಹಿತ. ಆಳ ಹೆಚ್ಚಿದಷ್ಟೂ ತೊಯ್ದ ಪದರ ಬೇರಿನ ರಾಶಿಯಿಂದ ದೂರ ಉಳಿಯುತ್ತದೆ. ಮಿನಿಯೇಚರ್ ಗಿಡಕ್ಕೆ 8 ರಿಂದ 10 ಅಂಗುಲದ ಕುಂಡ, ಗೊಂಚಲು ಹೂವಿನ ಫ್ಲೋರಿಬಂಡಾಕ್ಕೆ 12, ದೊಡ್ಡ ಹೂವಿನ ಹೈಬ್ರಿಡ್ ಟೀ ಜಾತಿಗೆ 14 ರಿಂದ 16 ಅಂಗುಲದ್ದು ಬೇಕು. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಕುಂಡವನ್ನು ಮೂರು ಇಟ್ಟಿಗೆ ತುಂಡಿನ ಮೇಲೆ ಕೂರಿಸಿದರೆ ತೂತೂ ಕಟ್ಟುವುದಿಲ್ಲ, ತಾರಸಿಯೂ ಪಾಚಿಗಟ್ಟುವುದಿಲ್ಲ.

ಯಾವುದರಿಂದ ಮಾಡಿದ ಕುಂಡ ಎಂಬ ಪ್ರಶ್ನೆಯೂ ಬೇರಿನದೇ. ಸುಟ್ಟ ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗುತ್ತ ಒಳಗೆ ತಂಪಿರುತ್ತದೆ, ಬೇಸಿಗೆಯ ಹೂಜಿಯ ತಂತ್ರವೇ ಇದು. ನೀರು ಬೇಗ ಆರುವುದು ಅದಕ್ಕೆ ತೆರುವ ಬೆಲೆ. ಪ್ಲಾಸ್ಟಿಕ್ ಕುಂಡ ಹಗುರ, ನೀರನ್ನು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಕಪ್ಪು ಪ್ಲಾಸ್ಟಿಕ್ ಮಾರ್ಚ್ ಏಪ್ರಿಲ್‌ನ ಮಧ್ಯಾಹ್ನ ಕಾಯಿಸಿದ ಬಾಣಲೆ. ಬಿಸಿಲಿಗೆ ಮುಖ ಮಾಡಿದ ಕಡೆಯ ಮಣ್ಣು 45 ಡಿಗ್ರಿ ದಾಟುವುದುಂಟು. ಬೇರಿನ ತುದಿಗಳು 40ರ ಹತ್ತಿರವೇ ಕೆಲಸ ನಿಲ್ಲಿಸಿಬಿಡುತ್ತವೆ. ಅಂಥ ಕುಂಡದಿಂದ ಗಿಡ ತೆಗೆದು ನೋಡಿದರೆ ಪಶ್ಚಿಮದ ಕಡೆ ಬೇರೇ ಇರುವುದಿಲ್ಲ. ನಡು ಮಧ್ಯಾಹ್ನ ಎಲೆ ಬಾಡಿ, ಮಣ್ಣು ಹಸಿಯಾಗಿದ್ದರೂ ಗಿಡ ನೀರಿಲ್ಲದಂತೆ ನರಳುವುದು ಇದರಿಂದ. ಆಗ ಇನ್ನಷ್ಟು ನೀರು ಸುರಿದರೆ ಬೆಂದ ಬೇರು ಕೊಳೆಯುತ್ತದೆ. ಬಿಳಿ ಅಥವಾ ತಿಳಿಬಣ್ಣದ ಕುಂಡ, ಕುಂಡಗಳನ್ನು ಒತ್ತೊತ್ತಾಗಿ ಇಟ್ಟು ಒಂದರ ನೆರಳು ಇನ್ನೊಂದಕ್ಕೆ ಬೀಳುವಂತೆ ಮಾಡುವುದು, ಹೊರಸಾಲಿಗೆ ಗೋಣಿತಾಟು ಸುತ್ತುವುದು ಇವು ಕಾಸು ಖರ್ಚಿಲ್ಲದ ಉಪಾಯಗಳು. ಮಣ್ಣಿನ ಮೇಲೆ ಒಣ ಎಲೆಯನ್ನೋ ತೆಂಗಿನ ಸಿಪ್ಪೆಯ ಚೂರನ್ನೋ ಎರಡು ಅಂಗುಲ ಹೊದಿಸುವುದಂತೂ ಬೇಸಿಗೆಯಲ್ಲಿ ಕಡ್ಡಾಯ.

ತಾರಸಿಯ ತೂಕದ ಮಾತನ್ನು ಇಲ್ಲೇ ಹೇಳಬೇಕು. 14 ಅಂಗುಲದ ಕುಂಡದಲ್ಲಿ ಸುಮಾರು 25 ಲೀಟರ್ ಮಣ್ಣು ಹಿಡಿಸುತ್ತದೆ. ಅದು ಬರೀ ಕೆಂಪುಮಣ್ಣಾದರೆ ನೆನೆದಾಗ 40 ಕಿಲೊ ದಾಟುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಸಂಹಿತೆ ಲೆಕ್ಕ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೊ. ಇಂಥ ನಾಲ್ಕು ಕುಂಡ ಒಂದು ಚದರ ಮೀಟರಿನಲ್ಲಿ ಕೂತರೆ ಆ ಮಿತಿ ಮುಗಿಯಿತು. ಹಳೆಯ ಮನೆಗಳಲ್ಲಿ ಕುಂಡಗಳನ್ನು ತಾರಸಿಯ ನಡುವೆ ಗುಂಪು ಹಾಕದೆ ಗೋಡೆ ಮತ್ತು ತೊಲೆಗಳ ನೇರಕ್ಕೆ ಸಾಲಾಗಿ ಇಡುವುದು, ಮಣ್ಣಿನ ಪಾಲು ತಗ್ಗಿಸಿ ಹಗುರ ಮಿಶ್ರಣ ಬಳಸುವುದು ಗಿಡಕ್ಕೂ ಮನೆಗೂ ಕ್ಷೇಮ.

ಆ ಮಿಶ್ರಣ ಹೇಗಿರಬೇಕು ಎಂಬುದರಲ್ಲಿ ಗುಲಾಬಿ ಬೆಳೆಗಾರರಲ್ಲಿ ಎರಡು ಪಂಗಡ. ಒಂದು ಪಂಗಡದವರಿಗೆ ಕೆಂಪುಮಣ್ಣಿಲ್ಲದೆ ಗುಲಾಬಿಯೇ ಇಲ್ಲ. ಇನ್ನೊಂದು ಪಂಗಡ ಕೋಕೋಪೀಟ್, ಎರೆಗೊಬ್ಬರ, ಪರ್ಲೈಟ್ ಸಾಕೆನ್ನುತ್ತದೆ. ಇಬ್ಬರ ಬಳಿಯೂ ಸೊಗಸಾದ ಗಿಡಗಳಿವೆ ಎಂಬುದೇ ಒಂದು ಪಾಠ. ಮಿಶ್ರಣದ ಹೆಸರಿಗಿಂತ ಅದು ನೀರು ಹಿಡಿದೂ ಗಾಳಿ ಬಿಡುತ್ತದೆಯೇ ಎಂಬುದು ಮುಖ್ಯ. ಮನೆಯ ಮಟ್ಟಿಗೆ ಎರಡು ಪಾಲು ಕೆಂಪುಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದೂವರೆ ಪಾಲು ಕೋಕೋಪೀಟ್, ಅರ್ಧದಿಂದ ಒಂದು ಪಾಲು ದಪ್ಪ ಮರಳು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಎಂಬ ಅಳತೆ ಸೋಲುವುದಿಲ್ಲ. ಎರಡು ಎಚ್ಚರಿಕೆ ಬೇಕು. ಕೋಕೋಪೀಟ್ ಇಟ್ಟಿಗೆಗಳಲ್ಲಿ ಉಪ್ಪು ಉಳಿದಿರುತ್ತದೆ, ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಬೇಕು. ನದಿ ಮರಳು ಸಿಗದೆ ಎಂ-ಸ್ಯಾಂಡ್ ಹಾಕುವವರು ಅದರ ಹಿಟ್ಟಿನಂಥ ದೂಳನ್ನು ತೊಳೆದು ತೆಗೆಯಬೇಕು. ಇಲ್ಲವಾದರೆ ಅದು ಸಿಮೆಂಟಿನಂತೆ ಸಂದುಗಳನ್ನು ಮುಚ್ಚಿ ಮರಳು ಹಾಕಿದ ಉದ್ದೇಶವನ್ನೇ ಕೆಡಿಸುತ್ತದೆ.

ನೀರಿನ ವಿಷಯಕ್ಕೆ ಬಂದರೆ, ದಿನಕ್ಕೊಂದು ಚೊಂಬು ಎಂಬ ನಿಯಮ ಕೊಂದಷ್ಟು ಗುಲಾಬಿಗಳನ್ನು ಯಾವ ರೋಗವೂ ಕೊಂದಿರಲಾರದು. ಒಂದು ಚೊಂಬು ನೀರು ಮೇಲಿನ ಮೂರು ಅಂಗುಲವನ್ನು ಮಾತ್ರ ನೆನೆಸುತ್ತದೆ. ಕೆಳಗಿನ ಬೇರು ಒಣಗಿ, ಬೇರೆಲ್ಲ ಮೇಲಕ್ಕೇ ಬಂದು, ಒಂದು ದಿನ ನೀರು ತಪ್ಪಿದರೆ ಗಿಡ ಸೊರಗುತ್ತದೆ. ಅದೇ ಚೊಂಬು ಆಗಸ್ಟ್‌ನ ಮೋಡದ ದಿನಗಳಲ್ಲಿ ಹೆಚ್ಚಾಗುತ್ತದೆ. ಬೆರಳನ್ನು ಎರಡು ಅಂಗುಲ ಮಣ್ಣಿಗೆ ಇಳಿಸಿ, ಅಲ್ಲಿ ಒಣಗಿದ್ದರೆ ತಳದ ತೂತಿನಿಂದ ನೀರು ಹೊರಡುವವರೆಗೆ ನಿಧಾನವಾಗಿ ಹಾಕಬೇಕು. ಹಸಿಯಿದ್ದರೆ ನಾಳೆ ನೋಡೋಣವೆಂದು ಬಿಡಬೇಕು. ಬೇಸಿಗೆಯಲ್ಲಿ ಇದು ದಿನಕ್ಕೆ ಎರಡು ಮೂರು ಲೀಟರ್ ಆಗಬಹುದು, ಮಳೆಗಾಲದಲ್ಲಿ ವಾರಕ್ಕೊಮ್ಮೆಯೂ ಬೇಡವಾಗಬಹುದು.

ಎಷ್ಟು ನೀರು ಎಂಬುದಕ್ಕಿಂತ ಎಂಥ ನೀರು ಎಂಬುದು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ದೊಡ್ಡ ಪ್ರಶ್ನೆ. ಪಾತ್ರೆಗೆ ಬಿಳಿ ಪೊರೆ ಕಟ್ಟುವ, ಸೋಪಿನ ನೊರೆ ಬಾರದ ಗಡಸು ನೀರಿನಲ್ಲಿ ಸುಣ್ಣದ ಬೈಕಾರ್ಬೊನೇಟ್ ಇರುತ್ತದೆ. ಗುಲಾಬಿಗೆ ಹಿತವಾದ ಮಣ್ಣಿನ ಪಿಎಚ್ 6ರಿಂದ 6.5. ಗಡಸು ನೀರು ಕುಂಡದ ಕೊಂಚ ಮಣ್ಣನ್ನು ಕೆಲವೇ ತಿಂಗಳಲ್ಲಿ 7.5ರಾಚೆಗೆ ತಳ್ಳಬಲ್ಲದು. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ದಕ್ಕುವುದಿಲ್ಲ. ಹೊಸ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಬಲೆಯಂತೆ ಎದ್ದು ಕಾಣುತ್ತವೆ. ಮಲ್ಟಿಫ್ಲೋರಾ ಬೇರಿನ ಮೇಲೆ ಕಟ್ಟಿದ ಗಿಡಗಳಲ್ಲಿ ಇದು ಇನ್ನೂ ಬೇಗ. ಹಳದಿ ಎಲೆ ಕಂಡು ಗೊಬ್ಬರ ಸಾಲದೆಂದು ಡಿಎಪಿ ಹಾಕಿದರೆ ಅದರ ರಂಜಕ ಉಳಿದ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಅಂಗಡಿಯಲ್ಲಿ ಸಿಗುವ ಚಿಲೇಟೆಡ್ ಕಬ್ಬಿಣದಲ್ಲೂ ಭೇದವಿದೆ. ಇಡಿಟಿಎ ರೂಪದ್ದು ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ, ಇಡಿಡಿಎಚ್‌ಎ ರೂಪದ್ದು ನಿಲ್ಲುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧ ಮಳೆನೀರು. ಸೂರಿನ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಗುಲಾಬಿಗೆ ಮೀಸಲಿಟ್ಟ ಮನೆಗಳಲ್ಲಿ ಎಲೆಯ ಹಸಿರೇ ಬೇರೆ. ಮಳೆನೀರು ಇಲ್ಲದಾಗ ತಿಂಗಳಿಗೊಮ್ಮೆ ಕುಂಡದ ಎರಡರಷ್ಟು ನೀರನ್ನು ನಿಧಾನವಾಗಿ ಹಾಯಿಸಿ ಉಪ್ಪನ್ನು ತೊಳೆದುಬಿಡಬೇಕು. ಕುಂಡದ ಅಂಚಿನಲ್ಲಿ ಕಾಣುವ ಬಿಳಿ ಕಟ್ಟು ಆ ಉಪ್ಪಿನದೇ ಗುರುತು. ಎಲೆಯ ಅಂಚು ಸುಟ್ಟಂತೆ ಕಂದಾಗುವುದೂ ಅದರಿಂದಲೇ.

ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೆಂಬುದು ಎಲ್ಲರಿಗೂ ಗೊತ್ತು. ಬಾಲ್ಕನಿಯವರು ಮರೆಯುವುದು ಸೂರ್ಯ ಜಾಗ ಬದಲಿಸುವುದನ್ನು. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಶೂನ್ಯ ನೆರಳಿನ ದಿನವೆಂದು ಶಾಲಾಮಕ್ಕಳು ಕಂಬ ನೆಟ್ಟು ನೋಡುವುದು ಆಗಲೇ. ಇವೆರಡರ ನಡುವೆ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಡಿಸೆಂಬರ್‌ನಲ್ಲಿ ಬಿಸಿಲು ತುಂಬಿದ್ದ ದಕ್ಷಿಣದ ಬಾಲ್ಕನಿಗೆ ಜೂನ್‌ನಲ್ಲಿ ಬಿಸಿಲೇ ಬೀಳುವುದಿಲ್ಲ. ಚಳಿಗಾಲದಲ್ಲಿ ಚೆನ್ನಾಗಿದ್ದ ಗಿಡ ಮಳೆಗಾಲದಲ್ಲಿ ಸೊರಗಲು ಮಳೆಯಷ್ಟೇ ಇದೂ ಕಾರಣ. ನಾಲ್ಕು ಗಂಟೆಯ ಬಿಸಿಲೂ ಸಿಗದ ಕಡೆ ದೊಡ್ಡ ಹೂವಿನ ಜಾತಿಗಳ ಆಸೆ ಬಿಟ್ಟು ಪುಟ್ಟ ಗೊಂಚಲು ಗುಲಾಬಿಗಳನ್ನು ಇಡುವುದೇ ವಾಸಿ.

ಗುಲಾಬಿ ಹೊಟ್ಟೆಬಾಕ ಗಿಡ, ನಿಜ. ಆದರೆ ತಿಂಗಳಿಗೊಮ್ಮೆ ಔತಣ ಹಾಕಿ ಉಳಿದ ದಿನ ಉಪವಾಸ ಕೆಡವುವುದು ಅದಕ್ಕೆ ಒಗ್ಗದು. ಇದರಲ್ಲಿ ಪಾಲಿಹೌಸ್ ರೈತರಿಂದ ಕಲಿಯುವುದಿದೆ. ಕೆಲವು ಪಾಲಿಹೌಸ್‌ಗಳಲ್ಲಿ ಗುಲಾಬಿ ನೆಲದ ಮಣ್ಣನ್ನು ಮುಟ್ಟುವುದೇ ಇಲ್ಲ, ತೊಟ್ಟಿಯಲ್ಲಿ ತುಂಬಿದ ಕೋಕೋಪೀಟ್‌ನಲ್ಲಿ ಬೆಳೆಯುತ್ತದೆ. ಅದೂ ಕುಂಡದ ಗುಲಾಬಿಯೇ. ಅಲ್ಲಿ ಗೊಬ್ಬರವನ್ನು ಹನಿನೀರಿನಲ್ಲಿ ಬೆರೆಸಿ ದಿನವೂ ತುಸುತುಸುವೇ ಕೊಡುತ್ತಾರೆ. ಮನೆಯಲ್ಲಿ 19:19:19 ಗೊಬ್ಬರವನ್ನು ಲೀಟರಿಗೆ ಒಂದೆರಡು ಗ್ರಾಂ ಕರಗಿಸಿ ಹತ್ತು ಹದಿನೈದು ದಿನಕ್ಕೊಮ್ಮೆ, ಹಸಿಯಿರುವ ಮಣ್ಣಿಗೆ ಹಾಕುವುದು ಅದರದೇ ಸರಳ ರೂಪ. ರಾಸಾಯನಿಕ ಬೇಡವೆನ್ನುವವರು ಕಡಲೆಕಾಯಿ ಹಿಂಡಿಯನ್ನು ಮೂರು ನಾಲ್ಕು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ ತೆಳ್ಳಗೆ ಕೊಡುತ್ತಾರೆ. ಸಾವಯವವೋ ರಾಸಾಯನಿಕವೋ ಎಂಬ ಜಗಳದಲ್ಲಿ ಗುಲಾಬಿ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಬೇರು ಹೀರುವುದು ಎರಡೂ ಕಡೆ ಅದೇ ಲವಣಗಳನ್ನೇ. ಸಾವಯವ ಗೊಬ್ಬರ ಮಣ್ಣನ್ನು ಸಡಿಲವಾಗಿಡುತ್ತದೆ, ಕುಂಡದ ಮಟ್ಟಿಗೆ ಅದೊಂದು ದೊಡ್ಡ ಲಾಭ. ನೀರಿನಲ್ಲಿ ಕರಗುವ ಗೊಬ್ಬರ ಬೇಕಾದಾಗ ಬೇಕಾದಷ್ಟೇ ಸಿಗುತ್ತದೆ. ಎರಡನ್ನೂ ಹದವಾಗಿ ಬಳಸುವವರ ಗಿಡಗಳೇ ಹೆಚ್ಚು ಗೆಲುವಾಗಿರುತ್ತವೆ.

ಅಡುಗೆಮನೆಯ ಉಪಚಾರಗಳನ್ನೂ ಒಮ್ಮೆ ತೂಗಿನೋಡಬೇಕು. ಮೊಟ್ಟೆ ಚಿಪ್ಪು ಸುಣ್ಣ. ಬಹು ನಿಧಾನವಾಗಿ ಕರಗುತ್ತದೆ, ಕರಗಿದರೆ ಗಡಸು ನೀರಿನ ಊರಿನಲ್ಲಿ ಇದ್ದ ತೊಂದರೆಯನ್ನೇ ಹೆಚ್ಚಿಸುತ್ತದೆ. ಬಾಳೆಹಣ್ಣಿನ ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ, ಹಸಿಯಾಗಿ ಹೂತರೆ ಇರುವೆ ನೊಣ ಬರುತ್ತವೆ, ಕಾಂಪೋಸ್ಟ್ ಡಬ್ಬಿಗೆ ಹಾಕಿದರೆ ಸಾರ್ಥಕ. ಟೀ ಚರಟಕ್ಕೂ ಅದೇ ಮಾತು, ಸಕ್ಕರೆ ಹಾಲು ತೊಳೆದಿರಬೇಕು. ಎಪ್ಸಂ ಲವಣದ ಖ್ಯಾತಿ ಅದರ ಗುಣಕ್ಕಿಂತ ದೊಡ್ಡದು. ಮೆಗ್ನೀಷಿಯಂ ಕೊರತೆ ಇಲ್ಲದ ಮಣ್ಣಿಗೆ ಅದನ್ನು ಸುರಿದರೆ ಕ್ಯಾಲ್ಸಿಯಂ, ಪೊಟ್ಯಾಷ್‌ಗಳ ದಾರಿಗೆ ಅಡ್ಡಬರುತ್ತದೆ. ಹಾಲಿನ ವಿಷಯದಲ್ಲಿ ಮಾತ್ರ ಆಧಾರವಿದೆ. 1999ರಲ್ಲಿ ಬ್ರೆಜಿಲ್‌ನ ವಾಗ್ನರ್ ಬೆಟ್ಟಿಯೊಲ್ ನೀರಿನಲ್ಲಿ ಬೆರೆಸಿದ ಹಾಲು ಜುಕಿನಿ ಗಿಡದ ಬೂದಿರೋಗವನ್ನು ತಡೆಯುವುದನ್ನು ಪ್ರಕಟಿಸಿದರು. ಅದು ಗುಲಾಬಿಯ ಮೇಲಿನ ಪ್ರಯೋಗವಲ್ಲವಾದರೂ ಒಂಬತ್ತು ಪಾಲು ನೀರಿಗೆ ಒಂದು ಪಾಲು ಹಾಲು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ ನೋಡುವುದರಲ್ಲಿ ನಷ್ಟವಿಲ್ಲ.

ರೋಗಗಳ ಪಟ್ಟಿ ಉದ್ದವಿದೆ. ಆದರೆ ಕರ್ನಾಟಕದ ನಕಾಶೆಯನ್ನೂ ಪಂಚಾಂಗವನ್ನೂ ಎದುರಿಗಿಟ್ಟುಕೊಂಡರೆ ಅದು ಸರಳವಾಗುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಶತ್ರು ಕಪ್ಪುಚುಕ್ಕೆ. ಇದರ ಬೀಜಕಣ ಮೊಳೆಯಲು ಎಲೆ ಏಳೆಂಟು ಗಂಟೆ ಒದ್ದೆಯಾಗಿಯೇ ಇರಬೇಕು. ಅಲ್ಲಿ ಕುಂಡವೇ ವರ, ನೆಲದ ಗಿಡವನ್ನು ಮಳೆಯಿಂದ ಸರಿಸಲಾಗದು, ಕುಂಡವನ್ನು ಸೂರಿನಡಿಗೆ ಎಳೆದಿಡಬಹುದು. ಉದುರಿದ ಚುಕ್ಕೆ ಎಲೆಗಳನ್ನು ಆರಿಸಿ ಮನೆಯಿಂದಾಚೆ ಹಾಕಬೇಕು. ಬೆಂಗಳೂರು ಮೈಸೂರಿನ ಡಿಸೆಂಬರ್ ಜನವರಿಯಲ್ಲಿ, ಹಗಲು ಒಣಹವೆ ರಾತ್ರಿ ಚಳಿ ಇದ್ದಾಗ, ಎಳೆಚಿಗುರಿನ ಮೇಲೆ ಬೂದಿ ಕಾಣಿಸುತ್ತದೆ. ಇದರ ಬೀಜಕಣಕ್ಕೆ ಒದ್ದೆ ಎಲೆ ಬೇಕಿಲ್ಲ, ನೀರು ಬಿದ್ದರೆ ಅದಕ್ಕೆ ತೊಡಕೇ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಗೆ, ಎಲ್ಲ ಊರಿನ ಕಾದ ತಾರಸಿಗೆ ಬರುವುದು ಕೆಂಪು ಜೇಡನುಸಿ. 30 ಡಿಗ್ರಿ ಬಿಸಿಯಲ್ಲಿ ಇದರ ಮೊಟ್ಟೆ ಸುಮಾರು ಒಂದು ವಾರದಲ್ಲೇ ಬಲಿತ ನುಸಿಯಾಗುತ್ತದೆ. ಎಲೆ ಮಂಕಾಗಿ, ಕೆಳಮೈಯಲ್ಲಿ ಸಣ್ಣ ಬಲೆ ಕಂಡಾಗ ಕೀಟನಾಶಕಕ್ಕೆ ಓಡುವವರೇ ಹೆಚ್ಚು. ನುಸಿ ಕೀಟವಲ್ಲ, ಸಾಮಾನ್ಯ ಕೀಟನಾಶಕಗಳು ಅದನ್ನು ತಿನ್ನುವ ಹುಳಗಳನ್ನು ಕೊಂದು ನುಸಿಯನ್ನೇ ಹೆಚ್ಚಿಸುತ್ತವೆ. ಪೈಪಿನ ನೀರನ್ನು ಎಲೆಯ ಕೆಳಮೈಗೆ ರಭಸದಿಂದ ಮೂರು ದಿನಕ್ಕೊಮ್ಮೆ ಹೊಡೆಯುವುದೇ ಮೊದಲ ಮದ್ದು, ಅದಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ.

ಒಂದು ರೋಗಕ್ಕೆ ನೀರು ಬೇಡ, ಇನ್ನೊಂದಕ್ಕೆ ನೀರೇ ಮದ್ದು ಎಂಬ ಈ ತೊಡಕನ್ನು ಹೊತ್ತು ಬಿಡಿಸುತ್ತದೆ. ಬೆಳಗ್ಗೆ ಎಂಟರೊಳಗೆ ಎಲೆ ತೊಳೆದರೆ ಹತ್ತಕ್ಕೆಲ್ಲ ಆರುತ್ತದೆ, ಕಪ್ಪುಚುಕ್ಕೆಗೆ ಬೇಕಾದ ಏಳು ಗಂಟೆ ಸಿಗುವುದಿಲ್ಲ, ನುಸಿ ಬೂದಿಗಳು ಮಾತ್ರ ತೊಳೆದುಹೋಗುತ್ತವೆ. ಸಂಜೆ ತೊಳೆದರೆ ಫಲ ಉಲ್ಟಾ. ಮುಡಿಗೂ ದೇವರ ಪಟಕ್ಕೂ ಏರುವ, ಮಕ್ಕಳು ಮೂಸುವ, ಗುಲ್ಕಂದಿಗೆ ಇಳಿಯುವ ಹೂವಿಗೆ ಕಟುವಾದ ವಿಷ ಹೊಡೆಯದೆ ಇರುವುದು ಒಳ್ಳೆಯದು. ಇಂಥ ಸಣ್ಣ ಶಿಸ್ತುಗಳು ಅದನ್ನು ಸಾಧ್ಯವಾಗಿಸುತ್ತವೆ.

ಕತ್ತರಿ ಹಿಡಿಯಲು ಹೆದರುವವರ ಗಿಡ ಉದ್ದುದ್ದ ಬೆಳೆದು ತುದಿಯಲ್ಲೊಂದು ಹೂ ಬಿಡುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರ್‌ನಲ್ಲಿ, ಒಣಗಿದ, ಒಂದಕ್ಕೊಂದು ಉಜ್ಜುವ, ಒಳಮುಖ ಬೆಳೆದ ಟೊಂಗೆಗಳನ್ನು ತೆಗೆದು ಉಳಿದವನ್ನು ಅರ್ಧಕ್ಕೆ ತರಬೇಕು. ಹೊರಮುಖದ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಬೇಕು. ಬೆಂಗಳೂರಿನ ಹವೆಯಲ್ಲಿ ಸವರಿದ 45ರಿಂದ 50 ದಿನಕ್ಕೆ ಹೂ ಬರುತ್ತದೆ. ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವ ಜನವರಿ 26ರ ಹೊತ್ತಿಗೆ ಮನೆಯಲ್ಲೂ ಹೂ ತುಂಬಬೇಕೆಂದರೆ ಡಿಸೆಂಬರ್ ಮೊದಲ ವಾರ ಕತ್ತರಿ ಆಡಿಸಬೇಕು. ತುದಿಯಿಂದ ಕಪ್ಪಾಗುತ್ತ ಇಳಿಯುವ ಟೊಂಗೆಯನ್ನು ಮಾತ್ರ ಯಾವ ಕಾಲಕ್ಕೂ ಕಾಯದೆ, ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೆ ಕತ್ತರಿಸಬೇಕು. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟ್‌ನಲ್ಲಿ ಒರೆಸಬೇಕು.

ಯಾವ ಗುಲಾಬಿ ಎಂಬ ಪ್ರಶ್ನೆಯನ್ನು ಜನ ಮೊದಲು ಕೇಳುತ್ತಾರೆ, ಸಾಮಾನ್ಯವಾಗಿ ಹೂವಿನ ಗಾತ್ರ ನೋಡಿ. ತಾರಸಿಯ ಬಿಸಿಗೆ ಪುಟ್ಟ ಬಟನ್ ಗುಲಾಬಿ, ಗೊಂಚಲು ಜಾತಿಗಳು ಹೆಚ್ಚು ಬಾಳುತ್ತವೆ. ಜರ್ಮನಿಯ ಕೊರ್ಡೆಸ್ 1958ರಲ್ಲಿ ತಂದ ಬಿಳಿಯ ‘ಐಸ್‌ಬರ್ಗ್’ ಬಿಸಿನಾಡುಗಳಲ್ಲೂ ಸುಖವಾಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಪರಿಮಳ, ಅರ್ಕಾ ಸವಿ, ಅರ್ಕಾ ಸುಕನ್ಯ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ಇಲ್ಲೇ ಹುಟ್ಟಿದ ಗಿಡ ಎಂಬುದು ಅವುಗಳ ದೊಡ್ಡ ಬಲ, ಗಿಡದ ಗಾಡಿಗಳಲ್ಲಿ ಅವು ಕಾಣಿಸುವುದೇ ಇಲ್ಲವೆಂಬುದು ವಿಷಾದ. ಗೋಧಿ ವಿಜ್ಞಾನಿಯೂ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರೂ ಆಗಿದ್ದ ಬಿ. ಪಿ. ಪಾಲ್ ಬಿಡುವಿನಲ್ಲಿ ಗುಲಾಬಿ ತಳಿಗಳನ್ನು ಹುಟ್ಟಿಸಿ, 1966ರಲ್ಲಿ ಭಾರತದ ಗುಲಾಬಿಯ ಕುರಿತೇ ಪುಸ್ತಕ ಬರೆದರು. ಕೊಡೈಕನಾಲ್‌ನ ವೀರರಾಘವನ್ ಮತ್ತು ಗಿರಿಜಾ ದಂಪತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಮಣಿಪುರದ ಬೆಟ್ಟಗಳ ರೋಸಾ ಜೈಗ್ಯಾಂಟಿಯಾವನ್ನೂ, ಬಂಗಾಳ ಬಿಹಾರದ ತಗ್ಗುಪ್ರದೇಶಗಳಲ್ಲಿ ಮಳೆಗಾಲದ ನೀರಲ್ಲಿ ನಿಂತೂ ಬದುಕುವ ರೋಸಾ ಕ್ಲೈನೊಫಿಲ್ಲಾವನ್ನೂ ಬೆರೆಸಿ ಬಿಸಿನಾಡಿಗೆ ತಕ್ಕ ಗುಲಾಬಿಗಳನ್ನು ದಶಕಗಳಿಂದ ಕಟ್ಟುತ್ತಿದ್ದಾರೆ. ಕುಂಡದ ಬೇರು ಅನುಭವಿಸುವ ಎರಡು ಸಂಕಟಗಳು, ಬಿಸಿ ಮತ್ತು ನಿಂತ ನೀರು. ಎರಡನ್ನೂ ತಾಳಿ ಬದುಕಿದ ಕಾಡುಗುಲಾಬಿ ಈ ನೆಲದಲ್ಲೇ ಇದೆಯೆಂಬುದು ಭರವಸೆಯ ಸಂಗತಿ.

ಎರಡು ವರ್ಷ ತುಂಬಿದ ಗಿಡದ ವಿಷಯ ಇನ್ನು ಉಳಿದಿದೆ. ಆ ಹೊತ್ತಿಗೆ ಕೋಕೋಪೀಟ್ ಪುಡಿಯಾಗಿ ಮಣ್ಣು ಕುಸಿದಿರುತ್ತದೆ, ನೀರು ಹಾಕಿದರೆ ಮೇಲೆಯೇ ನಿಲ್ಲುತ್ತದೆ. ಅಕ್ಟೋಬರ್‌ನ ಸವರುವಿಕೆಯ ಜೊತೆಗೇ ಕುಂಡವನ್ನು ಅಡ್ಡ ಮಲಗಿಸಿ, ಬದಿಗೆ ತಟ್ಟಿ, ಬುಡ ಹಿಡಿದು ಎಳೆದರೆ ಮಣ್ಣಿನ ಹೆಂಟೆ ಇಡಿಯಾಗಿ ಈಚೆ ಬರುತ್ತದೆ. ಸುತ್ತ ಬಳೆಯಂತೆ ಸುತ್ತಿಕೊಂಡ ಬೇರುಗಳನ್ನು, ತಳದ ಎರಡಂಗುಲವನ್ನು ಚಾಕುವಿನಿಂದ ಕೊಯ್ದು ತೆಗೆಯಬೇಕು. ಕಂದಾಗಿ ಮೆತ್ತಗಾದ ಬೇರು ಸತ್ತದ್ದು, ಮುರಿದಾಗ ಒಳಗೆ ಬೆಳ್ಳಗಿರುವುದು ಜೀವಂತ. ಹೊಸ ಮಿಶ್ರಣ ತುಂಬಿ, ಕಸಿಯ ಗಂಟು ಮಣ್ಣಿನ ಮೇಲೆ ಕಾಣುವಂತೆ ಕೂರಿಸಿ, ಒಮ್ಮೆ ತುಂಬ ನೀರು ಹಾಕಿ ಒಂದು ವಾರ ನೆರಳಿನಲ್ಲಿ ಬಿಟ್ಟರೆ ಹತ್ತು ಹದಿನೈದು ದಿನಕ್ಕೆ ಗಂಟಿನ ಬಳಿಯಿಂದಲೇ ಹೆಬ್ಬೆರಳ ಗಾತ್ರದ ಕೆಂಪು ಚಿಗುರು ಒಡೆಯುತ್ತದೆ.